ತಕ್‌ಪಟ್ಟಿ ಪಿಡಿಎಫ್‌ನಲ್ಲಿ ಒತ್ತಕ್ಷರ ಒಡೆಯುತ್ತಿದೆ, ಕಾಲಂ ಒಂದರ ಮೇಲೊಂದು ಹತ್ತುತ್ತಿದೆ. ದಾರಿ ಹೇಳಿ

ಸಿಂಧನೂರು_ಹುಡುಗ · ಬೆಳಿಗ್ಗೆ 7:40

ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವ ಸಿಂಧನೂರಿನಲ್ಲಿ ಭತ್ತದ ಕಮಿಷನ್ ಅಂಗಡಿ ಇಟ್ಟಿದ್ದಾರೆ. ಇಷ್ಟು ವರ್ಷ ರೈತರ ಮಾರಾಟದ ಲೆಕ್ಕದ ಚೀಟಿಯಾದ ತಕ್‌ಪಟ್ಟಿ ಕೈಯಲ್ಲೇ ಬರೆದು ಕೊಡುತ್ತಿದ್ದರು. ಈ ಸುಗ್ಗಿಗೆ ಕಂಪ್ಯೂಟರಿನಿಂದ ತೆಗೆಯೋಣ, ರೈತರ ವಾಟ್ಸಾಪ್‌ಗೂ ಕಳಿಸೋಣ ಅಂತ ನಾನೇ ಪೈಥಾನ್‌ನಲ್ಲಿ ಬರೆದೆ. ಪಿಡಿಎಫ್‌ಗೆ ರಿಪೋರ್ಟ್‌ಲ್ಯಾಬ್ ಅನ್ನುವ ಪೈಥಾನ್ ಲೈಬ್ರರಿ ಹಾಕಿದ್ದೇನೆ. ಒಬ್ಬೊಬ್ಬ ರೈತರಿಗೆ ಒಂದು ತಕ್‌ಪಟ್ಟಿ, ಸಂಜೆ ಅಂಗಡಿಗೆ ದಿನದ ಪಟ್ಟಿ. ಎರಡೂ ಒಂದೇ ಕೋಡಿನಿಂದ ಬರುತ್ತವೆ.

ಇಂಗ್ಲಿಷಿನಲ್ಲಿ ಚೆನ್ನಾಗಿಯೇ ಬರುತ್ತಿತ್ತು. ಕನ್ನಡ ಹಾಕಿದ ಕೂಡಲೇ ಎಲ್ಲಾ ಕೆಟ್ಟಿತು. ಬಳ್ಳಾರಿ ಅಂತ ಕೊಟ್ಟರೆ "ಬಳ್‌ಳಾರಿ" ಅಂತ ಬೀಳುತ್ತದೆ. ಕೊಪ್ಪಳ "ಕೊಪ್‌ಪಳ" ಆಗುತ್ತದೆ. ದೇವದುರ್ಗದ ಅರ್ಕಾವತ್ತು ಎಲ್ಲೋ ಹೋಗುತ್ತದೆ. ರೂಪಾಯಿ ಗುರುತಿನ ಜಾಗದಲ್ಲಿ ಕಪ್ಪು ಡಬ್ಬಿ. ಊರಿನ ಹೆಸರು ಸ್ವಲ್ಪ ಉದ್ದ ಇದ್ದರೆ ಪಕ್ಕದ ಚೀಲದ ಕಾಲಂ ಮೇಲೆ ಹತ್ತಿಕೊಳ್ಳುತ್ತದೆ. ಟೇಬಲ್ ಪುಟದ ಎಡಕ್ಕೂ ಬಲಕ್ಕೂ ಹೊರಗೆ ಹೋಗುತ್ತದೆ. ಎರಡನೇ ಪುಟದಲ್ಲಿ ಮೇಲಿನ ತಲೆಬರಹದ ಸಾಲು ಇರುವುದಿಲ್ಲ.

ಎಂಟು ಕಾಲಂಗಳಿವೆ: ಕ್ರಮಸಂಖ್ಯೆ, ರೈತರ ಹೆಸರು, ಊರು, ಚೀಲ, ತೂಕ, ದರ, ಹಮಾಲಿ, ಮೊತ್ತ. ಅಗಲ ಕೊಟ್ಟದ್ದು 40, 130, 110, 60, 70, 70, 70, 90.

ನಿನ್ನೆ ಒಬ್ಬ ಅಜ್ಜ ಪಟ್ಟಿ ನೋಡಿ, "ಇದರಲ್ಲಿ ನನ್ನ ಹೆಸರು ಎಲ್ಲಿದೆ ಅಪ್ಪಾ?" ಅಂತ ಕೇಳಿದರು. ಹೆಸರು ಅಲ್ಲೇ ಇತ್ತು, ಆದರೆ ಒಡೆದಿತ್ತು. ಅವರಿಗೆ ಓದಲು ಬರುತ್ತದೆ, ಓದಲು ಆಗಲಿಲ್ಲ. ನನಗೆ ತುಂಬಾ ಬೇಜಾರಾಯಿತು. ದಯವಿಟ್ಟು ಸಹಾಯ ಮಾಡಿ.

ಕಂಪ್ಲಿ_ಕೋಡರ್ · 7:52

ಫಾಂಟ್ ಸರಿಯಿಲ್ಲ, ಅಷ್ಟೇ. ನೋಟೋ ಸ್ಯಾನ್ಸ್ ಕನ್ನಡ ಹಾಕಿ, ಎಲ್ಲಾ ಸರಿಹೋಗುತ್ತದೆ.

ಸಿಂಧನೂರು_ಹುಡುಗ · 7:55

ಅದನ್ನೇ ಹಾಕಿದ್ದೇನೆ ಅಣ್ಣ. ತುಂಗಾ, ಲೋಹಿತ್ ಕೂಡ ಹಾಕಿ ನೋಡಿದೆ. ಮೂರರಲ್ಲೂ ಹೀಗೇ ಒಡೆಯುತ್ತದೆ.

ಹಟ್ಟಿ_ಅಕ್ಕ · 8:20

ಕಂಪ್ಲಿ ತಮ್ಮ, ಫಾಂಟ್ ಇದ್ದರೆ ಸಾಲದು. ಇದು ಬಹಳ ಜನ ಸಿಕ್ಕಿಬೀಳುವ ಜಾಗ, ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಕಂಪ್ಯೂಟರಿನ ಒಳಗೆ "ದುರ್ಗ" ಅನ್ನುವುದು ದ, ಉಕಾರ, ರ, ಹಲಂತ, ಗ ಅಂತ ಸಾಲಾಗಿ ಕೂತಿರುತ್ತದೆ. ತೋರಿಸುವಾಗ ಗ ಮುಂದೆ ಬರಬೇಕು, ರ ಅರ್ಕಾವತ್ತಾಗಿ ಅದರ ಹಿಂದೆ ಹೋಗಬೇಕು. "ಬಳ್ಳಾರಿ"ಯಲ್ಲಿ ಎರಡನೇ ಳ ಒತ್ತಾಗಿ ಕೆಳಗೆ ಇಳಿಯಬೇಕು. ಯಾವ ಅಕ್ಷರ ಯಾವ ರೂಪ ತಾಳಬೇಕು ಅನ್ನುವ ನಿಯಮ ಫಾಂಟ್‌ನಲ್ಲಿ ಬರೆದಿರುತ್ತದೆ. ಆದರೆ ಆ ನಿಯಮವನ್ನು ಓದಿ ನಡೆಸುವ ಕೆಲಸ ಬೇರೆ. ಅದಕ್ಕೆ ಶೇಪಿಂಗ್ ಅನ್ನುತ್ತಾರೆ. ಹಾರ್ಫ್‌ಬಜ್ ಅನ್ನುವ ಲೈಬ್ರರಿ ಇದನ್ನು ಮಾಡುತ್ತದೆ. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆ ಆಫೀಸ್ ಎಲ್ಲದರ ಒಳಗೂ ಅದೇ ಇದೆ. ಅದಕ್ಕೇ ನಿಮ್ಮ ಮೊಬೈಲಿನಲ್ಲಿ ಕನ್ನಡ ಸರಿಯಾಗಿ ಕಾಣುತ್ತದೆ.

ಪಿಡಿಎಫ್ ಫೈಲ್ ಈ ಕೆಲಸ ಮಾಡುವುದಿಲ್ಲ. "ಈ ಜಾಗದಲ್ಲಿ ಈ ಆಕಾರ ಇಡು" ಅನ್ನುವ ಮಾತು ಮಾತ್ರ ಅದರಲ್ಲಿ ಇರುತ್ತದೆ. ಆಕಾರ ಆರಿಸುವ ಕೆಲಸ ಮೊದಲೇ ಮುಗಿದಿರಬೇಕು. ರಿಪೋರ್ಟ್‌ಲ್ಯಾಬ್ ಮೊದಲಿನಿಂದಲೂ ಇದನ್ನು ಮಾಡುತ್ತಿರಲಿಲ್ಲ. ಒಂದೊಂದು ಕೋಡಿಗೆ ಒಂದೊಂದು ಆಕಾರ ಇಟ್ಟು ಮುಂದೆ ಹೋಗುತ್ತಿತ್ತು. ಈಚಿನ 4.4 ಆವೃತ್ತಿಗಳಲ್ಲಿ ಹಾರ್ಫ್‌ಬಜ್ ಜೋಡಿಸುವ ಸೌಲಭ್ಯ ಬಂದಿದೆ. ಆದರೆ ಅದನ್ನು ನೀವೇ ಆನ್ ಮಾಡಬೇಕು. ನಿಮ್ಮದು ಯಾವ ಆವೃತ್ತಿ?

ಸಿಂಧನೂರು_ಹುಡುಗ · 8:31

3.6 ಅಕ್ಕ.

ಹಟ್ಟಿ_ಅಕ್ಕ · 8:33

ಹಾಗಾದರೆ ಎಷ್ಟು ಫಾಂಟ್ ಬದಲಿಸಿದರೂ ಅದು ಒಡೆದೇ ಬೀಳುತ್ತದೆ.

ಕಂಪ್ಲಿ_ಕೋಡರ್ · 8:40

ಸರಿ ಅಕ್ಕಾ, ಒಪ್ಪಿದೆ. ನಾನು ಇಷ್ಟು ದಿನ ಬ್ರೌಸರಿನಿಂದಲೇ ಪಿಡಿಎಫ್ ತೆಗೆಯುತ್ತಿದ್ದೆ. ಅದಕ್ಕೇ ಫಾಂಟ್ ಹಾಕಿದರೆ ಸಾಕಾಗುತ್ತಿತ್ತು.

ಗಂಗಾವತಿ_ಗುಮಾಸ್ತ · 8:58

ಇಷ್ಟೆಲ್ಲಾ ಯಾಕೆ? ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್ ಹಾಕಿ. ಅದರಲ್ಲಿ ಒತ್ತಕ್ಷರ ಒಡೆಯುವ ಮಾತೇ ಇಲ್ಲ. ನಮ್ಮ ರೈಸ್ ಮಿಲ್ಲಿನಲ್ಲಿ ಬಿಲ್ಲುಗಳೆಲ್ಲ ಅದರಲ್ಲೇ ಇವೆ. ಯಾವತ್ತೂ ತೊಂದರೆ ಆಗಿಲ್ಲ.

ಹಟ್ಟಿ_ಅಕ್ಕ · 9:10

ಗುಮಾಸ್ತ ಸರ್, ಆ ಹಳೆಯ ಫಾಂಟ್‌ನಲ್ಲಿ ಒತ್ತಕ್ಷರ ಸರಿ ಕಾಣುವುದಕ್ಕೆ ಕಾರಣ ಇದೆ. ಅಲ್ಲಿ ಒತ್ತು ಒಂದು ಬೇರೆ ಅಕ್ಷರ, ನೀವೇ ಅದನ್ನು ಜಾಗದಲ್ಲಿ ಕೂರಿಸಿರುತ್ತೀರಿ. ಒಳಗೆ ಇರುವುದು ಕನ್ನಡ ಅಲ್ಲ, ಇಂಗ್ಲಿಷ್ ಅಕ್ಷರಗಳ ಕೋಡು. ಫಾಂಟ್ ತೆಗೆದರೆ ಏನೇನೋ ಗುರುತುಗಳು ಕಾಣುತ್ತವೆ. ಹೆಸರು ಹುಡುಕಲು ಆಗದು, ಅಕ್ಷರದ ಸಾಲಿನಲ್ಲಿ ಜೋಡಿಸಲು ಆಗದು, ವಾಟ್ಸಾಪ್‌ಗೆ ಕಾಪಿ ಮಾಡಿದರೆ ಓದಲು ಆಗದು. ಹೊಸದಾಗಿ ಬರೆಯುವವರಿಗೆ ಆ ದಾರಿ ಬೇಡ.

ಗಂಗಾವತಿ_ಗುಮಾಸ್ತ · 9:16

ಹುಡುಕುವ ತೊಂದರೆ ನಿಜ. ಹೋದ ವರ್ಷದ ಒಂದು ಹೆಸರು ಹುಡುಕಲು ಫೈಲ್ ಮೇಲೆ ಫೈಲ್ ತೆರೆದು ಕಣ್ಣಿನಲ್ಲೇ ನೋಡಿದ್ದೇನೆ. ಆದರೆ ಹಳೆಯ ದಾಖಲೆ ಏನು ಮಾಡಬೇಕು? ಸಾವಿರಾರು ಹೆಸರುಗಳಿವೆ.

ಕಿನ್ನಾಳ_ಗೊಂಬೆ · 9:25

ಪರಿವರ್ತಕ ತಂತ್ರಾಂಶಗಳಿವೆ. ನುಡಿಯಿಂದ ಯುನಿಕೋಡ್‌ಗೆ, ಅಂದರೆ ಕನ್ನಡ ಅಕ್ಷರಕ್ಕೆ ತನ್ನದೇ ಕೋಡ್ ಇರುವ ಪದ್ಧತಿಗೆ, ಬದಲಿಸಬಹುದು. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಹೆಸರುಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿ. ತಪ್ಪು ಬರುವುದು ಜಾಸ್ತಿ ಅಲ್ಲೇ.

ಬಳ್ಳಾರಿ_ಬಿಸಿಲು · 9:41

ನಾನು ಜೀನ್ಸ್ ಹೊಲಿಯುವ ಯೂನಿಟ್‌ಗೆ ಪೀಸ್ ಲೆಕ್ಕದ ಸಂಬಳದ ಪಟ್ಟಿ ಮಾಡಿಕೊಟ್ಟಿದ್ದೇನೆ. ಪಿಎಚ್‌ಪಿ. ಮೊದಲು ಪಿಡಿಎಫ್ ತೆಗೆಯುವ ಟಿಸಿಪಿಡಿಎಫ್ ಲೈಬ್ರರಿ ಹಾಕಿದ್ದೆ, ಇದೇ ಗೋಳು. ಎಂಪಿಡಿಎಫ್‌ಗೆ ಬಂದ ಮೇಲೆ ಒತ್ತಕ್ಷರ ಸರಿಯಾಯಿತು. ಅಲ್ಲೂ ಸುಮ್ನೆ ಫಾಂಟ್ ಸೇರಿಸಿದರೆ ಆಗದು. ಫಾಂಟ್ ವಿವರದಲ್ಲಿ ಶೇಪಿಂಗ್ ಆನ್ ಮಾಡುವ ಯೂಸ್‌ಓಟಿಎಲ್ ಅನ್ನುವುದಕ್ಕೆ 255 ಕೊಡಬೇಕು.

ಆದರೆ ಅಲ್ಲಿ ಇನ್ನೊಂದು ವಿಚಿತ್ರ ಕಂಡೆ. ಟೇಬಲ್ ಅಗಲ ಜಾಸ್ತಿಯಾದರೆ ಎಂಪಿಡಿಎಫ್ ಏನೂ ಹೇಳದೆ ಅಕ್ಷರವನ್ನೇ ಚಿಕ್ಕದು ಮಾಡುತ್ತದೆ. ಒಂದು ವಾರದ ಪಟ್ಟಿ ದೊಡ್ಡಕ್ಷರದಲ್ಲಿ ಬಂದರೆ ಮುಂದಿನ ವಾರದ್ದು ಇರುವೆಯಷ್ಟು ಚಿಕ್ಕದು. ಟೇಬಲ್ ಟ್ಯಾಗಿಗೆ ಆಟೋಸೈಜ್ 1 ಅಂತ ಕೊಟ್ಟ ಮೇಲೆ ನಿಂತಿತು.

ಶಕ್ತಿನಗರ_ಸರ್ವರ್ · 10:05

ಎಲ್ಲರೂ ಒತ್ತಕ್ಷರ ಹಿಡಿದು ಕೂತಿದ್ದೀರಿ. ಟೇಬಲ್ ಬಗ್ಗೆ ಯಾರೂ ಹೇಳಲಿಲ್ಲ. ಹುಡುಗ, ನಿಮ್ಮ ಅಗಲಗಳನ್ನು ಕೂಡಿಸಿ ನೋಡಿದಿರಾ? 640 ಆಗುತ್ತದೆ. ಎ4 ಹಾಳೆಯ ಅಗಲವೇ 595 ಪಾಯಿಂಟ್. ಒಂದು ಇಂಚಿಗೆ 72 ಪಾಯಿಂಟ್. ರಿಪೋರ್ಟ್‌ಲ್ಯಾಬ್‌ನ ಸಿಂಪಲ್ ಡಾಕ್ ಟೆಂಪ್ಲೇಟ್ ತಾನಾಗೇ ಎರಡೂ ಕಡೆ ಒಂದೊಂದು ಇಂಚು ಬಿಡುತ್ತದೆ, ಉಳಿದದ್ದು 451. ಚೌಕಟ್ಟಿನ ಒಳಗೆ ಆಚೆ ಈಚೆ 6 ಪಾಯಿಂಟ್ ಮತ್ತೆ ಹೋಗುತ್ತದೆ. ಕೈಗೆ ಸಿಗುವುದು 439. ನೀವು 439ರಲ್ಲಿ 640 ತುರುಕುತ್ತಿದ್ದೀರಿ. ಅದು ಟೇಬಲನ್ನು ನಡುವೆ ಇಡುತ್ತದೆ, ಹಾಗಾಗಿ ಎರಡೂ ಕಡೆ ಹೊರಗೆ ಹೋಗುತ್ತದೆ.

ಊರಿನ ಹೆಸರು ಹತ್ತಿಕೊಳ್ಳುವುದಕ್ಕೆ ಕಾರಣ ಬೇರೆ. ಸೆಲ್‌ಗೆ ಬರೀ ಸ್ಟ್ರಿಂಗ್ (ಬಿಡಿ ಪಠ್ಯ) ಕೊಟ್ಟರೆ ರಿಪೋರ್ಟ್‌ಲ್ಯಾಬ್ ಅದನ್ನು ಮಡಚುವುದಿಲ್ಲ. ಪ್ಯಾರಾಗ್ರಾಫ್ ಮಾಡಿ ಕೊಟ್ಟರೆ ಎರಡನೇ ಸಾಲಿಗೆ ಇಳಿಸುತ್ತದೆ, ಸಾಲಿನ ಎತ್ತರವನ್ನೂ ಹೆಚ್ಚಿಸುತ್ತದೆ. ತಲೆಬರಹ ಪ್ರತಿ ಪುಟದಲ್ಲೂ ಬರಲು ರಿಪೀಟ್‌ರೋಸ್ 1 ಕೊಡಿ. ಕೊಡದಿದ್ದರೆ ಸೊನ್ನೆ ಅಂತಲೇ ತಿಳಿದುಕೊಳ್ಳುತ್ತದೆ.

ರೂಪಾಯಿ ಗುರುತು: ಪಿಡಿಎಫ್‌ನ ಮೂಲ 14 ಫಾಂಟ್‌ಗಳಲ್ಲಿ ಅದು ಇಲ್ಲ. ಗುರುತು ಯುನಿಕೋಡ್‌ಗೆ ಸೇರಿದ್ದೇ 2010ರಲ್ಲಿ, ಪಿಡಿಎಫ್ ಹುಟ್ಟಿದ್ದು 1993ರಲ್ಲಿ. ನಿಮ್ಮ ಮೊತ್ತದ ಕಾಲಂ ಇನ್ನೂ ಆ ಮೂಲ ಫಾಂಟ್‌ಗಳಲ್ಲಿ ಒಂದಾದ ಹೆಲ್ವೆಟಿಕಾದಲ್ಲೇ ಇದೆ ಅನಿಸುತ್ತದೆ. ಕನ್ನಡ ಫಾಂಟನ್ನು ತಲೆಬರಹ ಮತ್ತು ಹೆಸರಿಗೆ ಮಾತ್ರ ಕೊಟ್ಟಿದ್ದೀರಾ?

ಸಿಂಧನೂರು_ಹುಡುಗ · 10:14

ಹೌದು ಸರ್! ಅಂಕಿಗೆ ಬೇಡ ಅಂತ ಬಿಟ್ಟಿದ್ದೆ. 640ರ ಲೆಕ್ಕ ನೋಡಿ ಗಾಬರಿಯಾಯಿತು. ನಾನು ಒಂದೊಂದು ಕಾಲಂ ಕಣ್ಣಳತೆಯಲ್ಲಿ ಕೊಟ್ಟಿದ್ದೆ.

ಕಂಪ್ಲಿ_ಕೋಡರ್ · 10:20

ಪುಟ ಅಡ್ಡ ಮಾಡಿ. 842 ಸಿಗುತ್ತದೆ. ಮುಗಿಯಿತು.

ಗಂಗಾವತಿ_ಗುಮಾಸ್ತ · 10:32

ಅಡ್ಡ ಪುಟ ಬೇಡ, ದಯವಿಟ್ಟು ಬೇಡ. ಅಂಗಡಿಯಲ್ಲಿ ಎಲ್ಲಾ ಪಟ್ಟಿ ಒಂದೇ ಫೈಲಿಗೆ ಹೋಗುತ್ತದೆ. ಒಂದು ಉದ್ದ, ಒಂದು ಅಡ್ಡ ಆದರೆ ಲೆಕ್ಕ ನೋಡುವಾಗ ಫೈಲ್ ತಿರುಗಿಸುತ್ತಾ ಕೂರಬೇಕು. ರೈತರ ಮೊಬೈಲಿನಲ್ಲೂ ಅಡ್ಡ ಪುಟ ಚಿಕ್ಕದಾಗಿ ಕಾಣುತ್ತದೆ.

ನಾವು ಕೈಪಟ್ಟಿಯಲ್ಲಿ ಊರಿಗೆ ಬೇರೆ ಕಾಲಂ ಇಡುವುದೇ ಇಲ್ಲ. ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಊರು ಬರೆಯುತ್ತೇವೆ.

ಹಟ್ಟಿ_ಅಕ್ಕ · 10:37

ಗುಮಾಸ್ತ ಸರ್ ಹೇಳಿದ್ದು ಬಹಳ ಒಳ್ಳೆಯದು. ಊರಿನ 110 ಉಳಿಯಿತು. ಹೀಗೆ ಮಾಡಿ ನೋಡಿ: ಕ್ರಮಸಂಖ್ಯೆ 30, ಹೆಸರು ಮತ್ತು ಊರು 150, ಚೀಲ 45, ತೂಕ 60, ದರ 60, ಹಮಾಲಿ 60, ಮೊತ್ತ 90. ಒಟ್ಟು 495. ಮಾರ್ಜಿನ್ ಅರ್ಧ ಇಂಚು ಇಟ್ಟರೆ 511 ಸಿಗುತ್ತದೆ. ಉದ್ದ ಪುಟದಲ್ಲೇ ಆರಾಮಾಗಿ ಕೂರುತ್ತದೆ.

ಬಳ್ಳಾರಿ_ಬಿಸಿಲು · 10:50

"ದರ" ಅಂತ ಬರೀ ಎರಡಕ್ಷರ ಬರೆದರೆ ಜಗಳ ಬರುತ್ತದೆ. ನಿಮ್ಮ ಕಡೆ ಭತ್ತದ ದರ 75 ಕೆಜಿ ಚೀಲಕ್ಕೆ ಹೇಳುತ್ತಾರೆ. ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್ ಲೆಕ್ಕ. ಚೀಲಕ್ಕೆ 1,800 ಅಂದರೆ ಕ್ವಿಂಟಲ್‌ಗೆ 2,400. ಯಾವುದು ಅಂತ ತಲೆಬರಹದಲ್ಲೇ ಬರಬೇಕು.

ಗಂಗಾವತಿ_ಗುಮಾಸ್ತ · 10:55

ನೂರಕ್ಕೆ ನೂರು ನಿಜ. ತೂಕ ಕ್ವಿಂಟಲ್‌ನಲ್ಲಿ, ದರ ಚೀಲಕ್ಕೆ ಇದ್ದರೆ ಗುಣಿಸಿ ನೋಡುವ ರೈತರಿಗೆ ಲೆಕ್ಕ ತಾಳೆಯಾಗುವುದಿಲ್ಲ. 32 ಚೀಲ, 24 ಕ್ವಿಂಟಲ್, ಮೊತ್ತ 57,600. ಎರಡು ರೀತಿಯಲ್ಲಿ ಗುಣಿಸಿದರೂ ಅಷ್ಟೇ ಬರಬೇಕು. ಪಟ್ಟಿ ಮೇಲೆ ಅದು ಕಾಣಬೇಕು.

ಮಸ್ಕಿ_ಮೇಷ್ಟ್ರು · 11:08

ಅಂಕಿಗಳನ್ನು ಕನ್ನಡದಲ್ಲೇ ಹಾಕಿ. ೧೨೩ ಅಂತ. ಇಷ್ಟು ಕಷ್ಟಪಟ್ಟು ಕನ್ನಡ ಪಟ್ಟಿ ಮಾಡುತ್ತಿದ್ದೀರಿ.

ಗಂಗಾವತಿ_ಗುಮಾಸ್ತ · 11:11

ಮೇಷ್ಟ್ರೇ, ನಿಮ್ಮ ಅಭಿಮಾನಕ್ಕೆ ಕೈ ಮುಗಿಯುತ್ತೇನೆ. ಆದರೆ ತೂಕದ ಯಂತ್ರದಲ್ಲಿ 123, ಬ್ಯಾಂಕಿನಲ್ಲಿ 123, ಮೊಬೈಲಿನಲ್ಲಿ 123. ರೈತರು ಅದಕ್ಕೇ ತಾಳೆ ನೋಡುತ್ತಾರೆ. ಪಟ್ಟಿಯಲ್ಲಿ ಬೇರೆ ಇದ್ದರೆ ಅವರಿಗೇ ತೊಂದರೆ.

ಮಸ್ಕಿ_ಮೇಷ್ಟ್ರು · 11:13

ಒಪ್ಪಿದೆ. ದಿನಾಂಕದಲ್ಲಾದರೂ ತಿಂಗಳ ಹೆಸರು ಕನ್ನಡದಲ್ಲಿರಲಿ.

ಸಿಂಧನೂರು_ಹುಡುಗ · ಮಧ್ಯಾಹ್ನ 1:30

ಊಟಕ್ಕೂ ಏಳದೆ ಕೂತು ಮಾಡಿದೆ. ಅಗಲ ಸರಿಯಾಯಿತು, ತಲೆಬರಹ ಪ್ರತಿ ಪುಟದಲ್ಲಿ ಬರುತ್ತಿದೆ, ರೂಪಾಯಿ ಗುರುತು ಬಂತು. ಎಲ್ಲರಿಗೂ ಧನ್ಯವಾದ. ಉಳಿದದ್ದು ಒತ್ತಕ್ಷರ. ಇದಕ್ಕೆ ಯಾವ ದಾರಿ ಹಿಡಿಯಲಿ? ಅಂಗಡಿಯಲ್ಲಿ ಇರುವುದು ಹಳೆಯ ವಿಂಡೋಸ್ ಕಂಪ್ಯೂಟರ್, 4 ಜಿಬಿ ರ್ಯಾಮ್. ಇಂಟರ್ನೆಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಕಂಪ್ಲಿ_ಕೋಡರ್ · 1:38

ಎಚ್‌ಟಿಎಂಎಲ್‌ನಲ್ಲಿ ಟೇಬಲ್ ಬರೆಯಿರಿ, ವಿಂಡೋಸ್‌ನಲ್ಲಿ ಎಡ್ಜ್ ಬ್ರೌಸರ್ ಹೇಗೂ ಇರುತ್ತದೆ. ಅದನ್ನು ಹೆಡ್‌ಲೆಸ್ ಆಗಿ, ಅಂದರೆ ಕಿಟಕಿ ತೆರೆಯದೆ, ಓಡಿಸಿ ಪಿಡಿಎಫ್‌ಗೆ ಪ್ರಿಂಟ್ ಮಾಡಿ. ಕನ್ನಡ ಬ್ರೌಸರಿನಲ್ಲಿ ಹೇಗೆ ಕಾಣುತ್ತದೋ ಹಾಗೇ ಬರುತ್ತದೆ. ಸಾಲು ಎರಡು ಪುಟಕ್ಕೆ ಹರಿಯದಂತೆ ಟೇಬಲ್ ಸಾಲಿನ ಟ್ಯಾಗ್ ಟಿಆರ್‌ಗೆ ಬ್ರೇಕ್ ಇನ್‌ಸೈಡ್ ಅವಾಯ್ಡ್ ಕೊಡಿ. ಡಬ್ಲ್ಯೂಕೆ ಎಚ್‌ಟಿಎಂಎಲ್ ಟು ಪಿಡಿಎಫ್ ಅನ್ನುವ ಪರಿವರ್ತಕ ಹಾಕಿ ಅಂತ ಯಾರಾದರೂ ಹೇಳಿದರೆ ಬೇಡ. ಅದರ ಕೆಲಸ ನಿಂತಿದೆ, 2023ರಲ್ಲೇ ಕೋಡ್ ಆರ್ಕೈವ್ ಮಾಡಿದ್ದಾರೆ.

ಬಳ್ಳಾರಿ_ಬಿಸಿಲು · 1:50

ಆ ದಾರಿ ಹಿಡಿದರೆ ಒಂದು ಎಚ್ಚರ. ಒಟ್ಟು ಮೊತ್ತದ ಸಾಲನ್ನು ಟೇಬಲಿನ ಅಡಿಭಾಗದ ಟ್ಯಾಗ್ ಟಿಫುಟ್ ಒಳಗೆ ಹಾಕಬೇಡಿ. ತಲೆಬರಹದ ಹಾಗೆ ಟಿಫುಟ್ ಕೂಡ ಪ್ರತಿ ಪುಟದ ಕೆಳಗೆ ಮತ್ತೆ ಮತ್ತೆ ಬರುತ್ತದೆ. ನಾನು ಸಂಬಳದ ಪಟ್ಟಿಯಲ್ಲಿ ಹಾಗೆ ಮಾಡಿದ್ದೆ. ಮೂರು ಪುಟದಲ್ಲೂ ಪೂರ್ತಿ ಒಟ್ಟು ಬಿತ್ತು. ಮಾಲೀಕರು ಮೂರನ್ನೂ ಕೂಡಿಸಿ ಹಣ ತರಲು ಹೊರಟಿದ್ದರು. ಅವತ್ತು ನನಗೆ ನಿದ್ದೆ ಬರಲಿಲ್ಲ. ಒಟ್ಟು ಸಾಲು ಟೇಬಲಿನ ಮುಖ್ಯಭಾಗ ಟಿಬಾಡಿಯ ಕೊನೆಯ ಸಾಲಾಗಿರಲಿ.

ಗಂಗಾವತಿ_ಗುಮಾಸ್ತ · 1:57

ಪುಟದ ಕೆಳಗೆ ಬೇಕಾದದ್ದು ಆ ಪುಟದ ಒಟ್ಟು, "ಮುಂದಿನ ಪುಟಕ್ಕೆ ಒಯ್ದದ್ದು" ಅಂತ. ಮುಂದಿನ ಪುಟದ ಮೇಲೆ "ಹಿಂದಿನ ಪುಟದಿಂದ ತಂದದ್ದು". ಕಿರ್ದಿಯಲ್ಲಿ ಹಾಗೇ ಬರೆಯುತ್ತೇವೆ. ನಿಮ್ಮ ಕಂಪ್ಯೂಟರಿಗೆ ಇದು ಬರುತ್ತದೆಯೇ?

ಶಕ್ತಿನಗರ_ಸರ್ವರ್ · 2:06

ಬರುತ್ತದೆ, ಆದರೆ ಬ್ರೌಸರ್ ದಾರಿಯಲ್ಲಿ ಕಷ್ಟ. ಯಾವ ಸಾಲು ಯಾವ ಪುಟಕ್ಕೆ ಬೀಳುತ್ತದೆ ಅಂತ ಕೋಡಿಗೆ ಮೊದಲೇ ಗೊತ್ತಿರುವುದಿಲ್ಲ. ಪೈಥಾನ್‌ನಲ್ಲಿ ಒಂದು ಪುಟಕ್ಕೆ 25 ಸಾಲು ಅಂತ ನಾವೇ ತುಂಡು ಮಾಡಿ, ತುಂಡಿಗೊಂದು ಟೇಬಲ್ ಬರೆದರೆ ಸುಲಭ.

ಹಟ್ಟಿ_ಅಕ್ಕ · 2:25

ತಮ್ಮ, ನಿಮ್ಮ ಅಂಗಡಿಯ ಕಂಪ್ಯೂಟರ್ ನೋಡಿದರೆ ನಾನು ಎಫ್‌ಪಿಡಿಎಫ್2 ಅನ್ನುವ ಪೈಥಾನ್ ಲೈಬ್ರರಿ ಹೇಳುತ್ತೇನೆ. ವೀಸಿಪ್ರಿಂಟ್ ಕೂಡ ಕನ್ನಡವನ್ನು ಚೆನ್ನಾಗಿ ತೋರಿಸುತ್ತದೆ, ಒಳಗೆ ಪಠ್ಯ ಜೋಡಿಸುವ ಪ್ಯಾಂಗೋ ಇದೆ. ಆದರೆ ವಿಂಡೋಸ್‌ನಲ್ಲಿ ಆ ಪ್ಯಾಂಗೋ ಕೂರಿಸುವುದೇ ಒಂದು ದಿನದ ಕೆಲಸ. ಎಫ್‌ಪಿಡಿಎಫ್2 ಹಾಗಲ್ಲ. ಪೈಥಾನ್ ಲೈಬ್ರರಿ ಇಳಿಸುವ ಪಿಪ್‌ನಲ್ಲಿ ಅದನ್ನೂ ಹಾರ್ಫ್‌ಬಜ್ ಜೋಡಿಸುವ ಯುಹಾರ್ಫ್‌ಬಜ್ ಅನ್ನೂ ಹಾಕಿ. ಫಾಂಟ್ ಸೇರಿಸಿ. ಆಮೇಲೆ ಸೆಟ್ ಟೆಕ್ಸ್ಟ್ ಶೇಪಿಂಗ್ ಅನ್ನುವುದಕ್ಕೆ ಟ್ರೂ ಕೊಡಿ. ಇದನ್ನು ಮರೆತರೆ ಮತ್ತೆ "ಬಳ್‌ಳಾರಿ"ಯೇ ಬರುತ್ತದೆ. ಅದರ ಟೇಬಲ್ ತಾನಾಗೇ ಪ್ರತಿ ಪುಟದಲ್ಲಿ ತಲೆಬರಹ ಹಾಕುತ್ತದೆ, ಸೆಲ್ ಒಳಗೆ ಪಠ್ಯ ಮಡಚುತ್ತದೆ. ರಿಪೋರ್ಟ್‌ಲ್ಯಾಬ್ 4.4ಕ್ಕೆ ಏರಿಸಿದರೂ ಆದೀತು. ನಿಮ್ಮ ಕೋಡ್ ಚಿಕ್ಕದು, ಬದಲಿಸಲು ಇದೇ ಸಮಯ.

ಇನ್ನೊಂದು ಮಾತು. ಶೇಪಿಂಗ್ ಇಲ್ಲದಾಗ ಅಗಲದ ಲೆಕ್ಕವೂ ತಪ್ಪುತ್ತದೆ. ಒಂದೊಂದು ಕೋಡಿನ ಅಗಲ ಕೂಡಿಸುತ್ತಾ ಹೋಗುತ್ತಾರೆ. ಒತ್ತು ಕೆಳಗೆ ಇಳಿದರೆ ಪದದ ಅಗಲ ಕಡಿಮೆ ಆಗುತ್ತದೆ, ಅದು ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ನಡುವೆ ಇಟ್ಟದ್ದು ನಡುವೆ ಇರುವುದಿಲ್ಲ. ಒತ್ತಕ್ಷರದ ತೊಂದರೆ ಒಂದು, ಟೇಬಲ್ ತೊಂದರೆ ಇನ್ನೊಂದು ಅಂತ ನಾವು ಬೇರೆ ಮಾಡಿ ಮಾತಾಡಿದೆವು. ಅರ್ಧ ಭಾಗ ಎರಡೂ ಒಂದೇ.

ಕಂಪ್ಲಿ_ಕೋಡರ್ · 2:31

ಇಷ್ಟೆಲ್ಲ ಬೇಡ ಅಂದರೆ ಕನ್ನಡ ಪಠ್ಯವನ್ನು ಚಿತ್ರ ಮಾಡಿ ಅಂಟಿಸಬಹುದಲ್ವಾ?

ಶಕ್ತಿನಗರ_ಸರ್ವರ್ · 2:34

ಬೇಡ. ಫೈಲ್ ದಪ್ಪ ಆಗುತ್ತದೆ, ಪ್ರಿಂಟ್ ಮಸುಕು, ಹೆಸರು ಹುಡುಕಲು ಆಗದು. ಹಳ್ಳಿಯ ನೆಟ್‌ವರ್ಕ್‌ನಲ್ಲಿ ರೈತರ ಫೋನಿಗೆ ಬೇಗ ಇಳಿಯುವುದೂ ಇಲ್ಲ.

ಸಿಂಧನೂರು_ಹುಡುಗ · ಸಂಜೆ 5:48

ಬಂತು! ಬಳ್ಳಾರಿ, ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ದೇವದುರ್ಗ ಎಲ್ಲಾ ಸರಿ ಬಂದವು. ಅಕ್ಕಾ, ನಿಮ್ಮ ಋಣ ತೀರಿಸಲು ಆಗದು.

ಆದರೆ ಒಂದು ಹೊಸ ತೊಂದರೆ. ಪುಟಕ್ಕೆ ಸಾಲು ಜಾಸ್ತಿ ಹಿಡಿಸಲಿ ಅಂತ ಲೈನ್ ಹೈಟ್ ಕಡಿಮೆ ಮಾಡಿದೆ. ಈಗ ಒತ್ತಕ್ಷರದ ಬಾಲ ಕೆಳಗಿನ ಗೆರೆಗೆ ತಾಗುತ್ತಿದೆ. ಕೆಲವು ಕಡೆ ಗೆರೆ ದಾಟಿ ಕೆಳಗಿನ ಸೆಲ್‌ಗೆ ಇಳಿದಿದೆ.

ಕಿನ್ನಾಳ_ಗೊಂಬೆ · ಸಂಜೆ 6:15

ಇದಕ್ಕೆ ನಾನು ಉತ್ತರ ಕೊಡಬಲ್ಲೆ. ನಾನು ಕೋಡ್ ಬರೆಯುವವನಲ್ಲ, ಕೊಪ್ಪಳದಲ್ಲಿ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ವಯಸ್ಸು ಕಳೆದವನು. ಅಚ್ಚಿನ ಮೊಳೆ ಜೋಡಿಸುವ ಕಾಲದಲ್ಲಿ ಒತ್ತಿಗೆ ಬೇರೆ ಮೊಳೆ ಇರುತ್ತಿತ್ತು. ಹೊಸ ಹುಡುಗರಿಗೆ ನಾವು ಮೊದಲು ಹೇಳುತ್ತಿದ್ದದ್ದು ಒತ್ತಿಗೆ ಜಾಗ ಬಿಡು ಅಂತ. ಇಂಗ್ಲಿಷಿನಲ್ಲಿ ಸಾಲಿನ ಕೆಳಗೆ ಇಳಿಯುವ ಅಕ್ಷರ ಕೆಲವೇ. ಕನ್ನಡದಲ್ಲಿ ಎರಡು ಪದಕ್ಕೊಮ್ಮೆ ಏನಾದರೂ ಇಳಿಯುತ್ತದೆ. "ರಾಷ್ಟ್ರ" ಬರೆದು ನೋಡಿ, ಒಂದರ ಜೊತೆಗೆ ಎರಡು ಒತ್ತು.

11 ಪಾಯಿಂಟ್ ಅಕ್ಷರಕ್ಕೆ 16, 17 ಪಾಯಿಂಟ್ ಸಾಲು ಕೊಡಿ. ಅದಕ್ಕಿಂತ ಕಡಿಮೆ ಮಾಡಬೇಡಿ. ಸೆಲ್ ಒಳಗೆ ಮೇಲಕ್ಕಿಂತ ಕೆಳಗೆ ಸ್ವಲ್ಪ ಜಾಸ್ತಿ ಜಾಗ ಬಿಡಿ. ಪುಟಕ್ಕೆ ನಾಲ್ಕು ಸಾಲು ಕಡಿಮೆಯಾದರೆ ಆಗಲಿ. ನಿಮ್ಮ ಅಜ್ಜನಿಗೆ ಹೆಸರು ಕಾಣಬೇಕು ಅಲ್ವಾ?

ಗೆರೆಯನ್ನೂ ಪೂರ್ತಿ ಕಪ್ಪು ಹಾಕಬೇಡಿ. ತೆಳು ಬೂದು ಸಾಕು. ಉದ್ದ ಗೆರೆಗಳನ್ನು ಅಂಕಿ ಕಾಲಂಗಳಿಗೆ ಮಾತ್ರ ಇಟ್ಟರೂ ನಡೆಯುತ್ತದೆ. ಅಂಕಿ ಬಲಕ್ಕೆ ಒತ್ತಿರಲಿ. ತೂಕ ಎಲ್ಲಾ ಸಾಲಿನಲ್ಲೂ ಎರಡು ದಶಮಾಂಶ ಇರಲಿ, 24 ಇದ್ದರೂ 24.00 ಅಂತ. ಆಗ ಬಿಂದುಗಳು ಒಂದರ ಕೆಳಗೊಂದು ಕೂರುತ್ತವೆ, ಕಣ್ಣಿಗೆ ತಪ್ಪು ಬೇಗ ಸಿಗುತ್ತದೆ.

ಹಟ್ಟಿ_ಅಕ್ಕ · 6:22

ಅಣ್ಣಾರೇ, ಇದನ್ನು ಯಾವ ಕೈಪಿಡಿಯಲ್ಲೂ ಓದಿರಲಿಲ್ಲ. ನನ್ನ ಕೋಡಿನಲ್ಲೂ ಬದಲಿಸುತ್ತೇನೆ.

ಮಸ್ಕಿ_ಮೇಷ್ಟ್ರು · 6:40

ಎಷ್ಟು ಸಾಲು ಹಿಡಿಯುತ್ತದೆ ಅನ್ನುವುದಕ್ಕಿಂತ ಈ ಸಲ ಎಷ್ಟು ಚೀಲ ಬರುತ್ತದೆ ಅನ್ನುವುದು ನಮಗೆ ಚಿಂತೆ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿ ಹೋದಾಗ ನಮ್ಮ ಊರಿನಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಗಂಗಾವತಿ_ಗುಮಾಸ್ತ · 6:44

ಆ ವಾರ ಮಿಲ್ಲಿನಲ್ಲಿ ಬೇರೆ ಮಾತೇ ಇರಲಿಲ್ಲ ಮೇಷ್ಟ್ರೇ. ತಾತ್ಕಾಲಿಕ ತಡೆ ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸಿದ ಸುದ್ದಿ ಬಂದಾಗ ಹಮಾಲರೆಲ್ಲ ಟಿವಿ ಮುಂದೆ ನಿಂತಿದ್ದರು.

ಶಕ್ತಿನಗರ_ಸರ್ವರ್ · 7:05

ವಿಷಯಕ್ಕೆ ಬರೋಣ. ಹುಡುಗ, ಹೆಸರನ್ನು ಕತ್ತರಿಸುವ ಕೋಡ್ ಏನಾದರೂ ಇದೆಯೇ? "20 ಅಕ್ಷರಕ್ಕಿಂತ ಜಾಸ್ತಿ ಇದ್ದರೆ ಕತ್ತರಿಸು" ಅನ್ನುವಂಥದ್ದು?

ಸಿಂಧನೂರು_ಹುಡುಗ · 7:08

ಇದೆ ಸರ್. 15ಕ್ಕೆ ಕತ್ತರಿಸುತ್ತದೆ.

ಶಕ್ತಿನಗರ_ಸರ್ವರ್ · 7:20

ಇವತ್ತೇ ತೆಗೆಯಿರಿ. "ವೀರಭದ್ರಪ್ಪ" ಅನ್ನುವ ಹೆಸರು ನೋಡಿ. ಕಣ್ಣಿಗೆ ಐದು ಅಕ್ಷರ. ಪೈಥಾನ್‌ನಲ್ಲಿ ಉದ್ದ ಎಣಿಸುವ ಲೆನ್ ಕೇಳಿದರೆ 10 ಹೇಳುತ್ತದೆ. ಯುಟಿಎಫ್-8ರಲ್ಲಿ 30 ಬೈಟ್. 9ಕ್ಕೆ ಕತ್ತರಿಸಿದರೆ "ವೀರಭದ್ರಪ್" ಆಗುತ್ತದೆ. ತಂದೆಯ ಹೆಸರು, ಅಡ್ಡಹೆಸರು ಸೇರಿದರೆ 15 ಎಲ್ಲಿಗೂ ಸಾಲದು. ಹೆಸರನ್ನು ಕತ್ತರಿಸಬೇಡಿ, ಎರಡನೇ ಸಾಲಿಗೆ ಇಳಿಸಿ. ಬ್ಯಾಂಕಿನಲ್ಲಿ ಒಂದು ಹೆಸರು, ಪಟ್ಟಿಯಲ್ಲಿ ಇನ್ನೊಂದು ಇದ್ದರೆ ಓಡಾಡುವವರು ರೈತರೇ.

ಬಳ್ಳಾರಿ_ಬಿಸಿಲು · 7:31

ಹೋದ ವರ್ಷ ನನಗೆ ಆಗಿದ್ದು ಇದೇ. ಡೇಟಾಬೇಸ್ ಕಾಲಂ 30 ಬೈಟ್ ಇತ್ತು. ಹೊಲಿಯುವ ಹೆಣ್ಣುಮಕ್ಕಳ ಅರ್ಧ ಹೆಸರು ಮಾತ್ರ ಉಳಿಯಿತು. ಪಿಡಿಎಫ್ ತಪ್ಪು ಅಂತ ಮೂರು ದಿನ ಅಲ್ಲೇ ಹುಡುಕಿದೆ.

ಸಿಂಧನೂರು_ಹುಡುಗ · 7:45

ತೆಗೆದೆ. ಇನ್ನೊಂದು ಪ್ರಶ್ನೆ. ಮೇಲಿನ ಶೀರ್ಷಿಕೆ "ತಕ್‌ಪಟ್ಟಿ" ಮೊದಲು "ತಕ್", ಒಂದು ಡಬ್ಬಿ, "ಪಟ್ಟಿ" ಅಂತ ಬರುತ್ತಿತ್ತು. ಶೇಪಿಂಗ್ ಆನ್ ಮಾಡಿದ ಮೇಲೆ ಡಬ್ಬಿ ಹೋಯಿತು. ಅದು ಏನು?

ಹಟ್ಟಿ_ಅಕ್ಕ · 7:52

ಅಲ್ಲಿ ಕಣ್ಣಿಗೆ ಕಾಣದ ಒಂದು ಗುರುತು ಇದೆ, ಕ್ ಮತ್ತು ಪ ಅಂಟದಂತೆ ತಡೆಯುವುದು. ಅದು ಇಲ್ಲದಿದ್ದರೆ "ತಕ್ಪಟ್ಟಿ" ಆಗುತ್ತದೆ. ಶೇಪಿಂಗ್ ಮಾಡುವ ಲೈಬ್ರರಿಗೆ ಅದು ಕಾಣದ ಗುರುತು ಅಂತ ಗೊತ್ತು. ಹಳೆಯದಕ್ಕೆ ಗೊತ್ತಿರಲಿಲ್ಲ, ಫಾಂಟ್‌ನಲ್ಲಿ ಆಕಾರ ಸಿಗದೆ ಡಬ್ಬಿ ಇಟ್ಟಿತು. ಡೇಟಾದಿಂದ ಅದನ್ನು ಅಳಿಸಬೇಡಿ. ಆದರೆ ಹೆಸರು ಹುಡುಕುವಾಗ ಅದನ್ನು ಬಿಟ್ಟು ಹೋಲಿಸಿ. ಒಬ್ಬರು ಹಾಕಿ ಟೈಪ್ ಮಾಡುತ್ತಾರೆ, ಒಬ್ಬರು ಹಾಕುವುದಿಲ್ಲ.

ಕಂಪ್ಲಿ_ಕೋಡರ್ · 8:10

ನನ್ನದೊಂದು. ನನ್ನ ಪಿಡಿಎಫ್ ನನ್ನ ಲ್ಯಾಪ್‌ಟಾಪ್‌ನಲ್ಲಿ ಸರಿ ಬರುತ್ತದೆ. ಸರ್ವರ್‌ಗೆ ಹಾಕಿದ ಮೇಲೆ ಕನ್ನಡ ಪೂರ್ತಿ ಚೌಕ ಚೌಕ. ಅದೇ ಕೋಡ್, ಅದೇ ಕ್ರೋಮ್.

ಶಕ್ತಿನಗರ_ಸರ್ವರ್ · 8:16

ಸರ್ವರಿನಲ್ಲಿ ಕನ್ನಡ ಫಾಂಟ್ ಇಲ್ಲ. ಲಿನಕ್ಸ್ ಆದರೆ ಫಾಂಟ್ ಪಟ್ಟಿ ತೋರಿಸುವ ಎಫ್‌ಸಿ-ಲಿಸ್ಟ್ ಕಮಾಂಡ್‌ಗೆ ಭಾಷೆ ಕೆಎನ್ ಅಂತ ಕೊಟ್ಟು ಕೇಳಿ, ಒಂದೂ ಬರುವುದಿಲ್ಲ ನೋಡಿ. ನೋಟೋ ಪ್ಯಾಕೇಜ್ ಹಾಕಿ. ನಿಮಗೆ ಬೆಳಿಗ್ಗೆ ಹೇಳಿದ ಉತ್ತರ ಇಲ್ಲಿ ಸರಿಹೋಗುತ್ತದೆ, ಇದು ಫಾಂಟ್‌ನದೇ ತೊಂದರೆ. ಅಕ್ಷರ ಒಡೆದರೆ ಶೇಪಿಂಗ್, ಚೌಕ ಬಂದರೆ ಫಾಂಟ್. ವಿಂಡೋಸ್‌ನ ನಿರ್ಮಲಾ ಫಾಂಟನ್ನು ಕಾಪಿ ಮಾಡಿ ಸರ್ವರಿಗೆ ಹಾಕಬೇಡಿ, ಲೈಸೆನ್ಸ್ ಒಪ್ಪುವುದಿಲ್ಲ.

ಪಾಪ್ಲರ್ ಅನ್ನುವ ಪಿಡಿಎಫ್ ಲೈಬ್ರರಿ ಜೊತೆಗೆ ಪಿಡಿಎಫ್‌ಫಾಂಟ್ಸ್ ಅನ್ನುವ ಕಮಾಂಡ್ ಬರುತ್ತದೆ. ಫೈಲ್ ಕೊಟ್ಟರೆ ಒಳಗೆ ಯಾವ ಫಾಂಟ್ ಇದೆ, ಅದು ಫೈಲಿನಲ್ಲೇ ಸೇರಿದೆಯೇ ಇಲ್ಲವೇ ಅಂತ ಹೇಳುತ್ತದೆ. ಸೇರಿಲ್ಲದಿದ್ದರೆ ನಿಮ್ಮ ಕಂಪ್ಯೂಟರಿನಲ್ಲಿ ಸರಿ, ರೈತರ ಫೋನಿನಲ್ಲಿ ತಪ್ಪು. ನಾನು ಯಾವ ಪಿಡಿಎಫ್ ದೂರು ಬಂದರೂ ಮೊದಲು ಅದನ್ನೇ ಓಡಿಸುತ್ತೇನೆ.

ಕಂಪ್ಲಿ_ಕೋಡರ್ · 8:40

ಫಾಂಟ್ ಹಾಕಿದೆ, ಬಂತು. ದೊಡ್ಡ ಉಪಕಾರ ಸರ್.

ಹಟ್ಟಿ_ಅಕ್ಕ · 8:55

ಎಲ್ಲರಿಗೂ ಒಂದು ಕೋರಿಕೆ. ಯಾವ ಲೈಬ್ರರಿ ಹಾಕುವ ಮೊದಲೂ ಈ ಸಾಲು ಪ್ರಿಂಟ್ ಮಾಡಿ ನೋಡಿ. ನಮ್ಮ ಊರುಗಳೇ ಸಾಕು: ಬಳ್ಳಾರಿ, ಕೊಪ್ಪಳ, ಕುಷ್ಟಗಿ, ದೇವದುರ್ಗ, ಕಂಪ್ಲಿ, ಮಾನ್ವಿ, ಸಿರುಗುಪ್ಪ, ಶಕ್ತಿನಗರ. ಜೊತೆಗೆ ಕೃಷ್ಣಾ, ರಾಷ್ಟ್ರ, ತಕ್‌ಪಟ್ಟಿ, ರೂಪಾಯಿ ಗುರುತು. ಪ್ರಿಂಟ್ ತೆಗೆದು ಕಾಗದದ ಮೇಲೇ ನೋಡಿ. ಪರದೆ ಮೇಲೆ ದೊಡ್ಡದು ಮಾಡಿ ನೋಡಿದರೆ ಗೆರೆ ತಾಗುವುದು ಗೊತ್ತಾಗುವುದಿಲ್ಲ.

ಮಸ್ಕಿ_ಮೇಷ್ಟ್ರು · 9:05

ಲಿಂಗಸುಗೂರು ಸೇರಿಸಿ. ಉದ್ದದ ಪರೀಕ್ಷೆಗೆ.

ಸಿಂಧನೂರು_ಹುಡುಗ · ಮರುದಿನ ಬೆಳಿಗ್ಗೆ 11:20

ನಿನ್ನೆ ರಾತ್ರಿ ಎಲ್ಲಾ ಬದಲಿಸಿದೆ. 11 ಪಾಯಿಂಟ್, ಸಾಲು 17, ಬೂದು ಗೆರೆ, ಹೆಸರಿನ ಕೆಳಗೆ ಊರು, "ದರ, 75 ಕೆಜಿ ಚೀಲಕ್ಕೆ" ಅಂತ ಎರಡು ಸಾಲಿನ ತಲೆಬರಹ. ಪುಟಕ್ಕೆ 25 ರೈತರ ಬದಲು 19 ಹಿಡಿಯುತ್ತಾರೆ. ಕೆಳಗೆ ಒಯ್ದದ್ದು, ಮೇಲೆ ತಂದದ್ದು ಹಾಕಿದೆ. ಫಾಂಟಿನಲ್ಲಿ ಬಳಸಿದ ಆಕಾರಗಳು ಮಾತ್ರ ಫೈಲಿಗೆ ಸೇರುತ್ತವೆ, ಹಾಗಾಗಿ ಫೈಲ್ ಚಿಕ್ಕದೇ ಇದೆ.

ಆ ಅಜ್ಜ ಇವತ್ತು ಮತ್ತೆ ಬಂದಿದ್ದರು. ಹೊಸ ಪಟ್ಟಿ ಕೊಟ್ಟೆ. ಕನ್ನಡಕ ಹಾಕಿಕೊಂಡು ಬೆರಳಿಟ್ಟು ಹೆಸರು ಓದಿದರು, ಊರು ಓದಿದರು. ಆಮೇಲೆ ಚೀಲ ಎಣಿಸಿ, "ಹಮಾಲಿ ಯಾಕೆ ಇಷ್ಟು ಹಿಡಿದಿದ್ದೀರಿ?" ಅಂತ ಮಾವನನ್ನು ಕೇಳಿದರು. ಮಾವ ಕೂತು ಲೆಕ್ಕ ಬಿಡಿಸಿ ಹೇಳಿದರು.

ಗಂಗಾವತಿ_ಗುಮಾಸ್ತ · 11:26

ಸರಿಯಾದ ಪಟ್ಟಿ ಅಂದರೆ ಅದು. ಓದಲು ಬಂದರೆ ಕೇಳುತ್ತಾರೆ.

ಮಸ್ಕಿ_ಮೇಷ್ಟ್ರು · 11:50

ತಮ್ಮ, ನನಗೂ ಒಂದು ಬೇಕಿತ್ತು. ಮಕ್ಕಳ ಅಂಕಪಟ್ಟಿಯಲ್ಲಿ ವಿಷಯದ ಹೆಸರು ನಿಲ್ಲಿಸಿ ಬರೆಯಬೇಕು, ಕಾಲಂ ಕಿರಿದು. ನಾನು ಅಕ್ಷರಗಳನ್ನು ಒಂದರ ಕೆಳಗೊಂದು ಇಟ್ಟೆ. "ವಿಜ್ಞಾನ" ಚೂರು ಚೂರಾಯಿತು.

ಹಟ್ಟಿ_ಅಕ್ಕ · 11:58

ಮೇಷ್ಟ್ರೇ, ಅಕ್ಷರ ಬಿಡಿಸಬೇಡಿ. ಇಡೀ ಪದವನ್ನು ಹಾಗೇ ಬರೆದು 90 ಡಿಗ್ರಿ ತಿರುಗಿಸಿ. ಬಿಡಿಸಿದರೆ ಜ್ ಒಂದು ಕಡೆ, ಞ ಒಂದು ಕಡೆ ಹೋಗುತ್ತದೆ.

ಸಿಂಧನೂರು_ಹುಡುಗ · ಮಧ್ಯಾಹ್ನ 12:04

ಫೈಲ್ ಕಳಿಸಿ ಮೇಷ್ಟ್ರೇ. ನಾಳೆ ಯಾರ್ಡಿಗೆ ರಜೆ ಇದೆ, ಕೂತು ನೋಡುತ್ತೇನೆ.